ಎಲ್ಮ್ ದಿಬ್ಬದಿಂದ ಚಾಪೆಲಿನವರೆಗೆ



ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್ ನಗರದ ದಕ್ಷಿಣದಲ್ಲಿ, ಊರಿನ ನಡುಭಾಗದಿಂದ ಸುರಂಗ ರೈಲಿನಲ್ಲಿ ಸುಮಾರು ಕಾಲು ಗಂಟೆಯ ದೂರದಲ್ಲಿ, 250 ಎಕರೆಯಷ್ಟು ಹರಡಿಕೊಂಡಿರುವ ಒಂದು ಸಮಾಧಿವನವಿದೆ. ಸ್ವೀಡಿಷ್ ಭಾಷೆಯಲ್ಲಿ ಅದನ್ನು ಸ್ಕೂಗ್ಸ್‌ಶಿರ್ಕೊಗೋರ್ಡೆನ್ ಎನ್ನುತ್ತಾರೆ. ಹೆಸರು ಉದ್ದವಾದರೂ ಅರ್ಥ ಸರಳ. ಸ್ಕೂಗ್ ಎಂದರೆ ಕಾಡು. ಶಿರ್ಕೊಗೋರ್ಡ್ ಎಂದರೆ ಚರ್ಚಿನ ಅಂಗಳ, ಅಂದರೆ ಸತ್ತವರನ್ನು ಮಣ್ಣು ಮಾಡುವ ನೆಲ. ಎರಡೂ ಕೂಡಿದರೆ ಕಾಡಿನ ಸಮಾಧಿವನ ಎಂದಾಗುತ್ತದೆ. ಕಿವಿಗೆ ಸುಲಭವಾಗಲೆಂದು ಈ ಭಾಷಣದಲ್ಲಿ ಮುಂದೆ ಕನ್ನಡದ ಈ ಹೆಸರನ್ನೇ ಬಳಸಲಾಗುವುದು.

ಈ ವನದೊಳಗೆ ಕೆಲವು ಚಾಪೆಲುಗಳಿವೆ. ಚಾಪೆಲ್ ಎಂದರೆ ಊರಿನ ಭಕ್ತರೆಲ್ಲ ವಾರವಾರವೂ ಸೇರುವ ದೊಡ್ಡ ಚರ್ಚಲ್ಲ, ಒಂದು ಗೊತ್ತಾದ ಕಾರ್ಯಕ್ಕಾಗಿ ಕಟ್ಟಿದ ಚಿಕ್ಕ ಪ್ರಾರ್ಥನಾಮಂದಿರ. ಇಲ್ಲಿ ಆ ಕಾರ್ಯ ಅಂತ್ಯಸಂಸ್ಕಾರ. ಸತ್ತವರ ಪೆಟ್ಟಿಗೆಯನ್ನು ನಡುವೆ ಇರಿಸಿಕೊಂಡು ಮನೆಯವರು, ಬಂಧುಗಳು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಅಲ್ಲಿ ಕುಳಿತಿರುತ್ತಾರೆ. ಆದರೆ ಆ ಅರ್ಧ ಗಂಟೆಗೆ ಮೊದಲು ಅವರು ನಡೆದು ಬರಬೇಕು, ಆಮೇಲೆ ನಡೆದು ಹೋಗಬೇಕು. ಆ ಬರುವ ಹಾದಿಯೂ ಹೋಗುವ ಹಾದಿಯೂ ದುಃಖದಲ್ಲಿರುವ ಮನುಷ್ಯನಿಗೆ ಏನು ಮಾಡಬಲ್ಲವು ಎಂಬುದೇ ಇಂದಿನ ಭಾಷಣದ ವಿಷಯ. ಕಟ್ಟಡಗಳ ಮಾತು ನಡುನಡುವೆ ಬರುತ್ತದೆ. ಗಮನ ಮಾತ್ರ ಕೊನೆಯವರೆಗೂ ನೆಲದ ಮೇಲೆ, ಅದರ ಏರು ತಗ್ಗುಗಳ ಮೇಲೆ, ಮರಗಳ ಮೇಲೆ ಇರುತ್ತದೆ.

ಮೊದಲು ಈ ನೆಲದ ಇತಿಹಾಸವನ್ನು ಸ್ವಲ್ಪ ತಿಳಿಯಬೇಕು. 20ನೆಯ ಶತಮಾನದ ಆರಂಭದಲ್ಲಿ ಸ್ಟಾಕ್‌ಹೋಮ್ ವೇಗವಾಗಿ ಬೆಳೆಯುತ್ತಿತ್ತು, ಇದ್ದ ಸಮಾಧಿಸ್ಥಳಗಳು ತುಂಬುತ್ತಿದ್ದವು. ನಗರಾಡಳಿತವು ದಕ್ಷಿಣದ ಹಳೆಯ ಸಮಾಧಿಸ್ಥಳವೊಂದಕ್ಕೆ ಹೊಂದಿಕೊಂಡಂತೆ ವಿಶಾಲವಾದ ಜಾಗವನ್ನು ಗುರುತಿಸಿ, ಅದನ್ನು ಹೇಗೆ ರೂಪಿಸಬೇಕೆಂಬುದಕ್ಕೆ 1914 ಮತ್ತು 1915ರ ನಡುವೆ ಅಂತರರಾಷ್ಟ್ರೀಯ ಸ್ಪರ್ಧೆಯೊಂದನ್ನು ನಡೆಸಿತು. ಯುರೋಪಿನಲ್ಲಿ ಆಗ ಮೊದಲ ಮಹಾಯುದ್ಧ ನಡೆದಿತ್ತು. ಸ್ವೀಡನ್ ಅದರಲ್ಲಿ ತಟಸ್ಥವಾಗಿತ್ತು. ಸ್ಪರ್ಧೆಯಲ್ಲಿ ಗೆದ್ದವರು ಇಬ್ಬರು ತರುಣ ವಾಸ್ತುಶಿಲ್ಪಿಗಳು, ಗುನ್ನಾರ್ ಆಸ್ಪ್‌ಲುಂಡ್ ಮತ್ತು ಸಿಗುರ್ಡ್ ಲೆವೆರೆಂಟ್ಸ್. ಇಬ್ಬರೂ 1885ರಲ್ಲಿ ಹುಟ್ಟಿದವರು, ಗೆದ್ದಾಗ ಇಬ್ಬರಿಗೂ ಮೂವತ್ತು ವರ್ಷ. ತಮ್ಮ ಯೋಜನೆಗೆ ಅವರು ಇಟ್ಟ ಹೆಸರು ತಾಲ್ಲುಮ್. ಪೈನ್ ಮರಕ್ಕೆ ಸ್ವೀಡಿಷ್ ಭಾಷೆಯಲ್ಲಿ ತಾಲ್ ಎನ್ನುತ್ತಾರೆ; ಆ ಮರದ ಹೆಸರಿನಿಂದಲೇ ಅವರು ಈ ಪದವನ್ನು ಕಟ್ಟಿಕೊಂಡರು.

ಆ ಹೆಸರಿನಲ್ಲಿಯೇ ಅವರ ನಿಲುವು ತಿಳಿಯುತ್ತದೆ. ಅವರಿಗೆ ಸಿಕ್ಕ ಜಾಗ ಚೆಲುವಾದದ್ದೇನೂ ಆಗಿರಲಿಲ್ಲ. ಜಲ್ಲಿ ಮಣ್ಣಿನ ದಿಣ್ಣೆಯೊಂದು, ಜಲ್ಲಿ ತೆಗೆದು ಬಿಟ್ಟುಹೋದ ಗುಂಡಿಗಳು, ಅವುಗಳ ಸುತ್ತ ತಾನಾಗಿ ಬೆಳೆದ ಪೈನ್ ಕಾಡು, ಇಷ್ಟೇ. ಅಂದಿನ ಯುರೋಪಿನ ದೊಡ್ಡ ಸಮಾಧಿಸ್ಥಳಗಳು ಒಂದೋ ನಗರದ ಬೀದಿಗಳಂತೆ ಅಗಲವಾದ ಸಾಲುಮರದ ದಾರಿಗಳನ್ನೂ ಸಿರಿವಂತರ ಎತ್ತರದ ಸ್ಮಾರಕಗಳನ್ನೂ ಹೊಂದಿದ್ದವು, ಇಲ್ಲವೇ ಬಾಗುವ ಕಾಲುದಾರಿಗಳೂ ಹೂಗಿಡಗಳೂ ಇರುವ ಉದ್ಯಾನಗಳಂತೆ ಇದ್ದವು. 1804ರಲ್ಲಿ ಆರಂಭವಾದ ಪ್ಯಾರಿಸಿನ ಪೇರ್ ಲಾಶೇಸ್, 1877ರಲ್ಲಿ ಆರಂಭವಾದ ಹ್ಯಾಂಬರ್ಗಿನ ಓಲ್ಸ್‌ಡಾರ್ಫ್ ಇವು ಆ ಕಾಲಕ್ಕೆ ಎಲ್ಲರ ಮುಂದಿದ್ದ ಮಾದರಿಗಳು. ಈ ಇಬ್ಬರು ತರುಣರು ಎರಡನ್ನೂ ಬದಿಗಿರಿಸಿದರು. ಕಾಡನ್ನು ಕಡಿಯದೆ, ಮರಗಳ ನಡುವಿನ ನೆಲದಲ್ಲಿಯೇ ಸಮಾಧಿಗಳನ್ನು ಇರಿಸುವುದು, ಗುಂಡಿಗಳನ್ನೂ ದಿಣ್ಣೆಯನ್ನೂ ಅಳಿಸದೆ ಅವುಗಳಿಂದಲೇ ರೂಪ ಪಡೆಯುವುದು ಅವರ ಯೋಜನೆಯ ತಿರುಳು. ಜಲ್ಲಿ ತೆಗೆದ ಕಡೆ ಇಂದು ವಿಶಾಲವಾದ ಹುಲ್ಲುಬಯಲಿದೆ. ಅದರ ಮೃದುವಾದ ತಗ್ಗನ್ನು ನೋಡಿದವರಿಗೆ ಅದು ಹಿಂದೊಮ್ಮೆ ಅಗೆದು ಬಿಟ್ಟ ಜಾಗ ಎಂಬ ಗುಮಾನಿಯೂ ಬರುವುದಿಲ್ಲ.

ಸ್ಪರ್ಧೆಗೆ ಸ್ವಲ್ಪ ಮೊದಲು, 1913 ಮತ್ತು 1914ರಲ್ಲಿ, ಆಸ್ಪ್‌ಲುಂಡ್ ಇಟಲಿಯಲ್ಲಿ ತಿರುಗಾಡಿದ್ದರು. ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಪಾಂಪೇ ಪಟ್ಟಣದ ಹೊರಬಾಗಿಲಲ್ಲಿ ದಾರಿಯ ಎರಡೂ ಬದಿಗೆ ಸಮಾಧಿಗಳು ಸಾಲಾಗಿರುವ ಒಂದು ಬೀದಿಯಿದೆ. ಸತ್ತವರ ನೆಲವನ್ನು ನಡೆದು ದಾಟಬೇಕಾದ ಹಾದಿಯನ್ನಾಗಿ ಮಾಡುವ ಆಲೋಚನೆಗೆ ಆ ಬೀದಿ ಒಂದು ಮೂಲ ಎಂದು ವಾಸ್ತುಶಿಲ್ಪದ ಇತಿಹಾಸಕಾರರು ಗುರುತಿಸುತ್ತಾರೆ.

ಇಷ್ಟರವರೆಗೆ ನೆಲದ ಹಿನ್ನೆಲೆಯನ್ನು ಹೇಳಿದ್ದಾಯಿತು. ಜಲ್ಲಿ ಗುಂಡಿಗಳಿದ್ದ ಪೈನ್ ಕಾಡು, ಇಬ್ಬರು ಮೂವತ್ತರ ತರುಣರು, ಕಾಡನ್ನು ಉಳಿಸಿಕೊಂಡೇ ಸಮಾಧಿವನ ಕಟ್ಟುವ ಯೋಜನೆ, ಇವಿಷ್ಟನ್ನು ಕೇಳುಗರು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು. ಇನ್ನು ಒಳಗೆ ಹೋಗಬಹುದು.

ಮುಖ್ಯ ಪ್ರವೇಶ ಉತ್ತರದ ಕಡೆಯಿಂದ. ರಸ್ತೆಯ ಬದಿಯಲ್ಲಿ ಅರ್ಧವೃತ್ತಾಕಾರವಾಗಿ ಒಳಕ್ಕೆ ಬಾಗಿದ ಕಲ್ಲಿನ ಗೋಡೆ, ಅದರ ನಡುವೆ ಒಳದಾರಿ, ದಾರಿಯ ಎರಡೂ ಮಗ್ಗುಲಿಗೆ ಮತ್ತೆ ಗೋಡೆ. ಇಲ್ಲಿ ಬಂದವರ ಕಣ್ಣಿಗೆ ಏನೂ ಬೀಳುವುದಿಲ್ಲ. ನಗರದ ಸದ್ದು ಮಾತ್ರ ಹಿಂದೆ ಸರಿಯುತ್ತದೆ. ಗೋಡೆಗಳು ಮುಗಿಯುತ್ತಲೇ ಒಮ್ಮೆಗೇ ಆಕಾಶ ತೆರೆದುಕೊಳ್ಳುತ್ತದೆ. ಎದುರಿಗೆ ಮೆಲ್ಲನೆ ಏರುವ ಹುಲ್ಲಿನ ಬಯಲು. ಎಡಕ್ಕೆ ಕಲ್ಲು ಹಾಸಿದ ನೇರ ದಾರಿ, ಅದರ ಮಗ್ಗುಲಲ್ಲಿ ತಗ್ಗಾದ ಉದ್ದನೆಯ ಕಟ್ಟಡಗಳು, ಮುಂದೆ ಒಂಟಿಯಾಗಿ ನಿಂತಿರುವ ಕಪ್ಪು ಗ್ರಾನೈಟಿನ ಎತ್ತರದ ಶಿಲುಬೆ. ಬಲಕ್ಕೆ ಹುಲ್ಲು ಹೊದ್ದ ಒಂದು ದಿಬ್ಬ, ಅದರ ನೆತ್ತಿಯ ಮೇಲೆ ಚೌಕವಾಗಿ ನೆಟ್ಟ ಮರಗಳ ಗುಂಪು. ಈ ಬಯಲಿನಲ್ಲಿ ಒಂದು ಸಮಾಧಿಯೂ ಕಾಣುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಲಕ್ಷಕ್ಕೂ ಹೆಚ್ಚು ಸಮಾಧಿಗಳಿರುವ ಜಾಗದಲ್ಲಿ ಮೊದಲು ಕಾಣುವುದು ಹುಲ್ಲು, ಆಕಾಶ ಮತ್ತು ಒಂದು ದಿಬ್ಬ.

ಬಲಗಡೆಯ ಆ ದಿಬ್ಬಕ್ಕೆ ಆಲ್ಮ್‌ಹ್ಯೋಯ್ಡೆನ್ ಎಂದು ಹೆಸರು, ಎಲ್ಮ್ ಮರಗಳ ದಿಬ್ಬ ಎಂದು ಅದರ ಅರ್ಥ. ಇದು ಧ್ಯಾನದ ತೋಪು. ಎಲ್ಮ್ ಎಂಬುದು ಯುರೋಪಿನ ಅಗಲ ಎಲೆಯ ಮರ; ಚಳಿಗಾಲಕ್ಕೆ ಎಲೆ ಉದುರಿಸಿ ವಸಂತದಲ್ಲಿ ಮತ್ತೆ ಚಿಗುರುತ್ತದೆ. ಸುತ್ತಲಿನ ಪೈನ್ ಮರಗಳೋ ವರ್ಷವಿಡೀ ಒಂದೇ ಹಸಿರು. ಹೀಗಾಗಿ ಕಾಲ ಸರಿಯುವುದನ್ನು ಬಣ್ಣದಲ್ಲಿ ತೋರಿಸುವ ಕೆಲಸ ದಿಬ್ಬದ ಮರಗಳ ಪಾಲಿಗೆ ಬಂದಿದೆ. ತೋಪಿನ ಸುತ್ತ ಗಿಡ್ಡ ಗೋಡೆ, ಒಳಗೆ ಕೂರಲು ಬೆಂಚುಗಳು. ಇದನ್ನು ರೂಪಿಸಿದವರು ಲೆವೆರೆಂಟ್ಸ್.

ತೋಪಿಗೆ ಹೋಗಲು ದಿಬ್ಬದ ಮೈಯಲ್ಲಿ ಮೆಟ್ಟಿಲುಗಳ ಸಾಲೊಂದಿದೆ. ಈ ವನದಲ್ಲಿ ಅತ್ಯಂತ ಆಲೋಚನೆಯಿಂದ ಮಾಡಿದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಈ ಮೆಟ್ಟಿಲುಗಳನ್ನು ತೋರಿಸಬೇಕು. ಕೆಳಗಿನ ಮೆಟ್ಟಿಲುಗಳು ಸಾಮಾನ್ಯ ಎತ್ತರದವು. ಮೇಲೇರಿದಂತೆ ಒಂದೊಂದು ಮೆಟ್ಟಿಲಿನ ಎತ್ತರವೂ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಹೋಗುತ್ತದೆ. ಯಾವ ದಿಬ್ಬವನ್ನೇ ಆಗಲಿ ಹತ್ತುವವರು ಮೇಲೆ ಹೋದಂತೆ ದಣಿಯುತ್ತಾರೆ, ಉಸಿರು ಹೆಚ್ಚುತ್ತದೆ, ಹೆಜ್ಜೆ ಭಾರವಾಗುತ್ತದೆ. ಇಲ್ಲಿ ದಣಿವು ಹೆಚ್ಚಿದಷ್ಟೂ ಮೆಟ್ಟಿಲು ತಗ್ಗುವುದರಿಂದ ಹತ್ತುವವರು ಏದುಸಿರಿಲ್ಲದೆ ನೆತ್ತಿ ತಲುಪುತ್ತಾರೆ. ಶವಸಂಸ್ಕಾರಕ್ಕೆ ಬಂದ ವಯಸ್ಸಾದವರು, ಅತ್ತು ಬಳಲಿದವರು, ಹಲವು ದಿನಗಳಿಂದ ನಿದ್ದೆಯಿಲ್ಲದವರು ಇಲ್ಲಿ ಹತ್ತುತ್ತಾರೆ ಎಂಬುದನ್ನು ಮನಸ್ಸಿಗೆ ತಂದುಕೊಂಡೇ ಈ ಅಳತೆಯನ್ನು ಹಾಕಲಾಗಿದೆ. ಹತ್ತಿದವರಲ್ಲಿ ಬಹಳ ಮಂದಿಗೆ ಮೆಟ್ಟಿಲು ತಗ್ಗಿದ್ದು ಗೊತ್ತಾಗುವುದೇ ಇಲ್ಲ. ಹೀಗೆ ಸುಳಿವು ಕೊಡದೆ ಸಹಾಯ ಮಾಡುವುದು ಈ ನೆಲದ ಸ್ವಭಾವ, ಮುಂದೆ ಬೇರೆ ಬೇರೆ ಕಡೆಯಲ್ಲಿಯೂ ಅದು ಕಾಣಸಿಗುತ್ತದೆ.

ದಿಬ್ಬದ ನೆತ್ತಿಯಲ್ಲಿ ಕುಳಿತವರಿಗೆ ಎರಡು ನೋಟಗಳಿವೆ. ಬಂದ ಕಡೆ ತಿರುಗಿದರೆ ಬಯಲು, ಶಿಲುಬೆ, ನೀರಿನ ಕೊಳ. ದಕ್ಷಿಣಕ್ಕೆ ತಿರುಗಿದರೆ ಕಾಡನ್ನು ಸೀಳಿಕೊಂಡು ಹೋಗುವ ನೇರವಾದ ಒಂದು ದಾರಿ, ಅದರ ತುದಿಯಲ್ಲಿ ಬಹಳ ದೂರದಲ್ಲಿ, ಚಿಕ್ಕದಾಗಿ, ಕಂಬಗಳಿರುವ ಒಂದು ಮುಖಮಂಟಪ. ಕುಳಿತು ಸಮಾಧಾನ ಮಾಡಿಕೊಂಡ ಮೇಲೆ ಹೋಗಬೇಕಾದದ್ದು ಅಲ್ಲಿಗೆ.

ಈಗ ಹಾದಿಯ ಮಾತು. ದಿಬ್ಬದ ಕಾಲಡಿಯಿಂದ ಆ ಮುಖಮಂಟಪದವರೆಗೆ ಸುಮಾರು 900 ಮೀಟರು ದೂರ. ಹೆಸರು ಏಳು ಬಾವಿಗಳ ಹಾದಿ. ದುಃಖದ ನಿಧಾನ ನಡಿಗೆಯಲ್ಲಿ ಕಾಲು ಗಂಟೆಯಾದರೂ ಬೇಕು. ಎಲ್ಲಿಯೂ ತಿರುವಿಲ್ಲ. ತಿರುವಿಲ್ಲದ ಇಷ್ಟು ಉದ್ದದ ದಾರಿ ಬೇಸರ ತರಿಸಬೇಕಾಗಿತ್ತು. ತರಿಸದೆ ಇರುವುದಕ್ಕೆ ಕಾರಣ ಮರಗಳನ್ನು ನೆಟ್ಟ ಕ್ರಮ. ಆರಂಭದಲ್ಲಿ ಬಾಗಿದ ಕೊಂಬೆಗಳ ಬರ್ಚ್ ಮರಗಳು, ಮುಂದೆ ಸಾಮಾನ್ಯ ಬರ್ಚ್ ಮರಗಳು, ಆಮೇಲೆ ಪೈನ್, ಕೊನೆಗೆ ಸ್ಪ್ರೂಸ್. ಬರ್ಚ್ ಕನ್ನಡಿಗರಿಗೆ ಪೂರ್ತಿ ಅಪರಿಚಿತವಾದ ಮರವಲ್ಲ. ಹಿಂದಿನವರು ಬರೆಯಲು ಬಳಸುತ್ತಿದ್ದ ಭೂರ್ಜಪತ್ರ ಇದೇ ಜಾತಿಯ ಹಿಮಾಲಯದ ಮರವೊಂದರ ತೊಗಟೆ, ಭೂರ್ಜ ಮತ್ತು ಬರ್ಚ್ ಎಂಬ ಎರಡು ಪದಗಳೂ ಒಂದೇ ಹಳೆಯ ಬೇರಿನಿಂದ ಬಂದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದರ ಕಾಂಡ ಬಿಳುಪು, ಎಲೆ ಸಣ್ಣದು, ತೆಳುವಾದದ್ದು. ನೆರಳಿನಲ್ಲಿಯೂ ಬೆಳಕು ಚುಕ್ಕೆ ಚುಕ್ಕೆಯಾಗಿ ಇಳಿಯುತ್ತದೆ. ಪೈನ್ ಹಾಗಲ್ಲ. ಅದು ಎತ್ತರಕ್ಕೆ ಬೆಳೆದಂತೆ ಕೆಳಗಿನ ಕೊಂಬೆಗಳು ಉದುರಿ, ಬರಿಯ ಕಾಂಡ ಕಂಬದಂತೆ ನಿಲ್ಲುತ್ತದೆ, ಹಸಿರೆಲ್ಲ ತಲೆಯ ಮೇಲೆ ಉಳಿಯುತ್ತದೆ. ಸ್ಪ್ರೂಸ್ ಇನ್ನೂ ದಟ್ಟ. ಅದರ ಕೊಂಬೆಗಳು ನೆಲದ ತನಕ ಇಳಿಬಿದ್ದು, ಬದಿಯ ನೋಟವನ್ನೆಲ್ಲ ಮುಚ್ಚುತ್ತವೆ.

ಈ ಕ್ರಮದ ಪರಿಣಾಮ ಏನೆಂದರೆ, ನಡೆಯುವವರು ಬೆಳಕಿನಿಂದ ಹೊರಟು ಹೆಜ್ಜೆ ಹೆಜ್ಜೆಗೂ ಸ್ವಲ್ಪ ಸ್ವಲ್ಪವೇ ಕತ್ತಲೆಯೊಳಗೆ ಹೋಗುತ್ತಾರೆ. ಗಾಳಿಗೆ ಬರ್ಚ್ ಎಲೆಗಳು ಮಾಡುವ ಸದ್ದು ಹಿಂದುಳಿಯುತ್ತದೆ. ಪೈನ್ ಮರಗಳ ಮೇಲೆ ಗಾಳಿ ದೂರದ ನೀರಿನಂತೆ ಕೇಳುತ್ತದೆ. ಸ್ಪ್ರೂಸ್ ಮರಗಳ ನಡುವೆ ಅದೂ ತಗ್ಗುತ್ತದೆ. ಮಾತಾಡುತ್ತ ಹೊರಟವರು ಅರ್ಧ ದಾರಿಯಲ್ಲಿ ಮಾತು ನಿಲ್ಲಿಸುವುದು ಇಲ್ಲಿ ಸಾಮಾನ್ಯ. ಸಂಸ್ಕಾರದ ಹೊತ್ತಿಗೆ ಬೇಕಾದ ಮೌನವನ್ನು ಪಾದ್ರಿ ಕೇಳಿ ಪಡೆಯಬೇಕಾಗಿಲ್ಲ. ಹಾದಿ ಅದನ್ನು ಮೊದಲೇ ತಂದುಕೊಟ್ಟಿರುತ್ತದೆ.

ದಿಬ್ಬ, ತಗ್ಗುತ್ತ ಹೋಗುವ ಮೆಟ್ಟಿಲು, ಬೆಳಕಿನಿಂದ ನೆರಳಿಗೆ ಹೋಗುವ ನೇರ ಹಾದಿ, ಇಷ್ಟನ್ನು ದಾಟಿದ ಮೇಲೆ ಚಾಪೆಲ್ ಬರುತ್ತದೆ. ಇದು ಪುನರುತ್ಥಾನದ ಚಾಪೆಲ್. ಪುನರುತ್ಥಾನ ಎಂದರೆ ಸತ್ತವರು ಮತ್ತೆ ಏಳುವರೆಂಬ ಕ್ರೈಸ್ತ ನಂಬಿಕೆ. ಲೆವೆರೆಂಟ್ಸ್ ಇದನ್ನು ರೂಪಿಸಿದರು. 1925ರಲ್ಲಿ ಇದು ಮುಗಿಯಿತು. ಮುಂದೆ ಕಾಣುವ ಮುಖಮಂಟಪದ ಕಂಬಗಳು ಪ್ರಾಚೀನ ಗ್ರೀಕ್ ಮತ್ತು ರೋಮನ್ನರ ಕೊರಿಂಥಿಯನ್ ಶೈಲಿಯವು, ಅಂದರೆ ಕಂಬದ ಬೋದಿಗೆಯಲ್ಲಿ ಮುಳ್ಳೆಲೆಗಳ ಗೊಂಚಲನ್ನು ಕೆತ್ತಿದಂಥವು. ಈ ಮುಖಮಂಟಪ ಚಾಪೆಲಿನ ಗೋಡೆಗೆ ಅಂಟಿಕೊಂಡಿಲ್ಲ. ಕೂದಲೆಳೆಯಷ್ಟು ಬಿಟ್ಟು, ಅದಕ್ಕೆ ಸ್ವಲ್ಪವೇ ಓರೆಯಾಗಿ ನಿಂತಿದೆ. ಮುಖಮಂಟಪ ಹಾದಿಗೆ ಸೇರಿದ್ದು, ಚಾಪೆಲ್ ಸತ್ತವರಿಗೆ ಸೇರಿದ್ದು ಎಂದು ಆ ಸಂದು ಹೇಳುವಂತಿದೆ.

ಒಳಗೆ ಇಡೀ ಕೋಣೆಗೆ ಒಂದೇ ದೊಡ್ಡ ಕಿಟಕಿ, ಅದೂ ದಕ್ಷಿಣದ ಗೋಡೆಯಲ್ಲಿ. ಸ್ಟಾಕ್‌ಹೋಮ್ ಭೂಮಧ್ಯರೇಖೆಯಿಂದ ಸುಮಾರು 59 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಆರು ಗಂಟೆ ಮಾತ್ರ. ಸೂರ್ಯ ದಕ್ಷಿಣದ ಅಂಚಿನಲ್ಲಿಯೇ ಹರಿದು ಹೋಗುತ್ತಾನೆ. ಇಂಥ ದೇಶದಲ್ಲಿ ದಕ್ಷಿಣದ ಕಿಟಕಿಯೆಂದರೆ ಇರುವ ಬೆಳಕನ್ನೆಲ್ಲ ಒಳಗೆ ಕರೆಯುವ ಕಿಟಕಿ. ಸ್ಪ್ರೂಸ್ ಮರಗಳ ಕತ್ತಲೆಯಿಂದ ಬಂದವರಿಗೆ ಆ ಬೆಳಕು ಪೆಟ್ಟಿಗೆಯ ಪಕ್ಕದಲ್ಲಿ ಬಿದ್ದಿರುವುದು ಕಾಣುತ್ತದೆ. ಸಂಸ್ಕಾರ ಮುಗಿದ ಮೇಲೆ ಜನ ಬಂದ ಬಾಗಿಲಿನಿಂದ ವಾಪಸು ಹೋಗುವುದಿಲ್ಲ. ಪಶ್ಚಿಮದ ಗೋಡೆಯಲ್ಲಿ ಬೇರೊಂದು ಬಾಗಿಲಿದೆ; ಅದರಿಂದ ಹೊರಟರೆ ಸ್ವಲ್ಪ ತಗ್ಗಿನಲ್ಲಿರುವ, ಆಕಾಶಕ್ಕೆ ತೆರೆದ ಸಮಾಧಿಯಂಗಳಕ್ಕೆ ಇಳಿಯುತ್ತಾರೆ. ಬಂದ ದಾರಿಯನ್ನು ಮತ್ತೆ ತುಳಿಯದೆ ಮುಂದಕ್ಕೇ ಹೋಗುವಂತೆ ಮಾಡಿದ ಈ ಏರ್ಪಾಟಿನಲ್ಲಿ ದೊಡ್ಡ ಕರುಣೆಯಿದೆ. ಒಂದು ಸಾವಿನ ನಂತರ ಮನೆಗೆ ಮರಳಲೇಬೇಕಾದವರಿಗೆ ಹಿಂದಿರುಗಿ ನೋಡುವ ಕಷ್ಟವನ್ನಾದರೂ ಅದು ತಪ್ಪಿಸುತ್ತದೆ.

ಒಂದು ಚಾಪೆಲಿಗೆ ಹೋಗುವ ಹಾದಿ ಹೇಗಿದೆಯೆಂದು ಕೇಳಿದ್ದಾಯಿತು. ಇನ್ನೊಂದು ಚಾಪೆಲನ್ನು ತಲುಪುವ ರೀತಿ ಬೇರೆ. ಅದು ಕಾಡಿನ ಚಾಪೆಲ್, ಸಮಾಧಿವನ 1920ರಲ್ಲಿ ಆರಂಭವಾದಾಗ ಮೊದಲು ಸಿದ್ಧವಾದದ್ದು, ಆಸ್ಪ್‌ಲುಂಡ್ ಅವರ ಕೃತಿ. ಡೆನ್ಮಾರ್ಕಿನ ಮ್ಯೋನ್ ದ್ವೀಪದ ಲೀಸೆಲುಂಡ್ ಎಂಬಲ್ಲಿ ಹುಲ್ಲು ಹೊದಿಸಿದ ಒಂದು ಹಳೆಯ ತೋಟದ ಮನೆಯಿದೆ. ಅದನ್ನು ನೋಡಿದ ನೆನಪು ಈ ಚಾಪೆಲಿನ ರೂಪಕ್ಕೆ ಕಾರಣವಾಯಿತು. ಮರದ ಚಿಕ್ಕ ಚಕ್ಕೆಗಳನ್ನು ಹಂಚಿನಂತೆ ಹೊದಿಸಿದ ಕಡಿದಾದ ಮಾಡು, ಅದನ್ನು ಹೊತ್ತ 12 ಬಿಳಿಯ ಕಂಬಗಳು, ಮಾಡಿನ ಮೇಲೆ ಶಿಲ್ಪಿ ಕಾರ್ಲ್ ಮಿಲ್ಲೆಸ್ ಮಾಡಿದ ಬಂಗಾರದ ಬಣ್ಣದ ಪುಟ್ಟ ದೇವದೂತೆ. ಇಲ್ಲಿ ಉದ್ದದ ಹಾದಿಯಿಲ್ಲ. ಗೋಡೆಯೊಂದರ ನಡುವಿನ ಬಾಗಿಲನ್ನು ದಾಟಿದರೆ ಎದುರಿಗೆ ಪೈನ್ ಕಾಂಡಗಳು, ಅವುಗಳ ನಡುವೆ ಅವುಗಳಷ್ಟೇ ನೇರವಾಗಿ ನಿಂತ ಕಂಬಗಳು. ಮರ ಎಲ್ಲಿ ಮುಗಿದು ಕಂಬ ಎಲ್ಲಿ ಆರಂಭವಾಯಿತೆಂದು ಕಣ್ಣಿಗೆ ಕೂಡಲೇ ತಿಳಿಯದು. ಸುತ್ತಲಿನ ಪೈನ್ ಮರಗಳು ಮಾಡಿಗಿಂತ ಎತ್ತರ. ಕಟ್ಟಡವನ್ನು ಮರಗಳಿಗಿಂತ ತಗ್ಗಾಗಿಯೇ ಇಟ್ಟ ಈ ವಿನಯ ಇಡೀ ವನದಲ್ಲಿ ಇದೆ, ಆದರೂ ಇಲ್ಲಿ ಅದು ಹೆಚ್ಚು ಸ್ಪಷ್ಟ. ಹೊರಗಿನಿಂದ ಗುಡಿಸಲಿನಂತೆ ಕಾಣುವ ಇದರೊಳಗೆ, ಕಂಬಗಳ ಒಂದು ವರ್ತುಲದ ಮೇಲೆ, ಬಿಳಿಯ ಗುಮ್ಮಟವಿದೆ, ಅದರ ನೆತ್ತಿಯಿಂದ ಬೆಳಕು ಇಳಿಯುತ್ತದೆ.

ಮೂರನೆಯದು ದಹನಮಂದಿರ. ಸ್ವೀಡನ್ನಿನಲ್ಲಿ ಇಂದು ಸತ್ತವರಲ್ಲಿ ಹತ್ತರಲ್ಲಿ ಎಂಟು ಮಂದಿಗಿಂತ ಹೆಚ್ಚಿನವರನ್ನು ಸುಡಲಾಗುತ್ತದೆ. ಹೂಳುವುದೇ ರೂಢಿಯಾಗಿದ್ದ ಕ್ರೈಸ್ತ ದೇಶದಲ್ಲಿ ಇದು 19ನೆಯ ಶತಮಾನದ ಕೊನೆಯಿಂದ ನಿಧಾನವಾಗಿ ಬಂದ ಬದಲಾವಣೆ. ಪ್ರವೇಶದಲ್ಲಿ ಎಡಕ್ಕೆ ಕಂಡ ಉದ್ದನೆಯ ಕಟ್ಟಡಗಳೇ ಇವು. 1935ರಿಂದ 1940ರವರೆಗೆ ಆಸ್ಪ್‌ಲುಂಡ್ ಇವುಗಳ ಮೇಲೆ ದುಡಿದರು. ಇಲ್ಲಿ ಮೂರು ಚಾಪೆಲುಗಳಿವೆ, ಅವುಗಳ ಹೆಸರು ನಂಬಿಕೆ, ಭರವಸೆ, ಪವಿತ್ರ ಶಿಲುಬೆ. ಮೊದಲ ಎರಡು ಚಿಕ್ಕವು. ಒಂದೊಂದಕ್ಕೂ ತನ್ನದೇ ಆದ ಕಾಯುವ ಕೋಣೆ, ತನ್ನದೇ ಆದ ಚಿಕ್ಕ ಕೈತೋಟದ ಅಂಗಳ. ಒಂದೇ ಹೊತ್ತಿಗೆ ಎರಡು ಮನೆಯವರ ಸಂಸ್ಕಾರ ನಡೆಯುತ್ತಿದ್ದರೂ ಒಬ್ಬರ ಅಳು ಇನ್ನೊಬ್ಬರಿಗೆ ಕೇಳದಂತೆ, ಮುಖಾಮುಖಿಯಾಗುವ ಮುಜುಗರ ಬಾರದಂತೆ ಈ ಅಂಗಳಗಳು ಕಾಯುತ್ತವೆ. ನಗರವೊಂದರಲ್ಲಿ ದಿನಕ್ಕೆ ಹಲವು ಸಾವುಗಳನ್ನು ನಿರ್ವಹಿಸಬೇಕಾದ ಕಟ್ಟಡಕ್ಕೆ ಅವಸರದ ಮುಖ ಬರುವುದು ಸಹಜ. ಆ ಅವಸರವನ್ನು ಇಲ್ಲಿ ಪುಟ್ಟ ತೋಟಗಳು ಹೀರಿಕೊಂಡಿವೆ.

ದೊಡ್ಡದಾದ ಪವಿತ್ರ ಶಿಲುಬೆಯ ಚಾಪೆಲಿನ ಮುಂದೆ ತೆರೆದ ಮಂಟಪವೊಂದಿದೆ. ಅದರ ಮಾಡಿನ ನಡುವೆ, ನಮ್ಮ ತೊಟ್ಟಿಮನೆಯ ತೊಟ್ಟಿಯ ಮೇಲೆ ಇರುವಂತೆ, ಆಕಾಶಕ್ಕೆ ಬಿಟ್ಟ ತೆರಪಿದೆ. ಮಳೆ, ಹಿಮ ಅದರಿಂದ ನೇರವಾಗಿ ಕೆಳಗೆ ಬೀಳುತ್ತವೆ. ಆ ತೆರಪಿನ ಅಡಿಯಲ್ಲಿ ಶಿಲ್ಪಿ ಜಾನ್ ಲುಂಡ್‌ಕ್ವಿಸ್ಟ್ ಅವರ ಪುನರುತ್ಥಾನ ಎಂಬ ಶಿಲ್ಪ ನಿಂತಿದೆ, ಅದರ ಮನುಷ್ಯಾಕೃತಿಗಳು ಮೇಲಕ್ಕೆ ತುಡಿಯುತ್ತವೆ. ಚಾಪೆಲಿಗೂ ಮಂಟಪಕ್ಕೂ ನಡುವೆ ಇರುವ ದೊಡ್ಡ ಬಾಗಿಲನ್ನು ಯಂತ್ರದಿಂದ ನೆಲದೊಳಕ್ಕೆ ಇಳಿಸಬಹುದು. ಬಾಗಿಲು ಇಳಿದಾಗ ಆ ಬದಿಯ ಗೋಡೆಯೇ ಇಲ್ಲವಾಗಿ, ಮಂಟಪ, ನೀರಿನ ಕೊಳ, ಹುಲ್ಲು, ದಿಬ್ಬದ ಮೇಲಿನ ಎಲ್ಮ್ ಮರಗಳು ಎಲ್ಲವೂ ಚಾಪೆಲಿನ ಭಾಗವಾಗುತ್ತವೆ. ಅದೇ ಚಾಪೆಲಿನೊಳಗೆ ಸ್ವೆನ್ ಎರಿಕ್ಸನ್ ಬಿಡಿಸಿದ ಭಿತ್ತಿಚಿತ್ರಕ್ಕೆ ಜೀವನ, ಮರಣ, ಜೀವನ ಎಂದು ಹೆಸರು.

ಇಷ್ಟು ಕೇಳಿದ ಮೇಲೆ, ಇಬ್ಬರು ಸೇರಿ ಗೆದ್ದ ಯೋಜನೆಯಲ್ಲಿ ದಹನಮಂದಿರ ಒಬ್ಬರದೇ ಹೇಗಾಯಿತು ಎಂಬ ಪ್ರಶ್ನೆ ಕೇಳುಗರಿಗೆ ಬಂದಿರಬಹುದು. 1930ರ ದಶಕದ ನಡುವೆ ಸಮಾಧಿವನದ ಆಡಳಿತವು ಲೆವೆರೆಂಟ್ಸ್ ಅವರನ್ನು ಕೈಬಿಟ್ಟು, ಕೊನೆಯ ದೊಡ್ಡ ಕೆಲಸವನ್ನು ಆಸ್ಪ್‌ಲುಂಡ್ ಒಬ್ಬರಿಗೇ ವಹಿಸಿತು. ಇಪ್ಪತ್ತು ವರ್ಷಗಳ ಜೊತೆಗಾರಿಕೆ ಅಲ್ಲಿಗೆ ಮುರಿಯಿತು. ಲೆವೆರೆಂಟ್ಸ್ ಬಹುಕಾಲ ಕಟ್ಟಡ ಕಟ್ಟುವುದರಿಂದ ದೂರ ಸರಿದು, ಕಿಟಕಿ ಬಾಗಿಲುಗಳ ಲೋಹದ ಚೌಕಟ್ಟು ತಯಾರಿಸುವ ಉದ್ಯಮದಲ್ಲಿ ತೊಡಗಿದರು. ಎಪ್ಪತ್ತೈದರ ವಯಸ್ಸಿನ ಹತ್ತಿರ ಅವರು ಮತ್ತೆ ಮೇಲೆದ್ದು, ಸ್ಟಾಕ್‌ಹೋಮಿನ ಬ್ಯೋರ್ಕ್‌ಹಾಗೆನ್ ಎಂಬಲ್ಲಿ ಬರ್ಚ್ ಮರಗಳ ನಡುವೆ ಇಟ್ಟಿಗೆಯ ಚರ್ಚೊಂದನ್ನು 1960ರಲ್ಲಿ ಮುಗಿಸಿದರು, 1975ರಲ್ಲಿ ತೀರಿಕೊಂಡರು. ಆಸ್ಪ್‌ಲುಂಡ್ ಅವರ ಆಯುಸ್ಸು ಅಷ್ಟು ಇರಲಿಲ್ಲ. ದಹನಮಂದಿರ 1940ರ ಬೇಸಿಗೆಯಲ್ಲಿ ಆರಂಭವಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ತಾವು ಕಟ್ಟಿದ ಚಾಪೆಲಿನ ಮಗ್ಗುಲಲ್ಲಿಯೇ ಅವರ ಸಮಾಧಿಯಿದೆ. ಅವರ ಕೆಲಸ ಬದುಕಿದೆ ಎಂಬ ಅರ್ಥದ ಮೂರು ಪದಗಳು ಅಲ್ಲಿವೆ.

ಕೀರ್ತಿಯ ಹೆಚ್ಚಿನ ಪಾಲು ಆಸ್ಪ್‌ಲುಂಡ್ ಅವರಿಗೆ ಸಂದಿತು. ಅದಕ್ಕೆ ಅವರು ಅರ್ಹರೇ. ಆದರೆ ಎಲ್ಮ್ ದಿಬ್ಬದ ಮೆಟ್ಟಿಲು, 900 ಮೀಟರಿನ ಹಾದಿ, ಅದರ ತುದಿಯ ಚಾಪೆಲ್ ಇವುಗಳನ್ನು ಒಂದೇ ಎಳೆಯಲ್ಲಿ ಹಿಡಿದು ನೋಡಿದರೆ, ದುಃಖದಲ್ಲಿರುವವರ ಹೆಜ್ಜೆಯನ್ನು ಹೆಚ್ಚು ಹತ್ತಿರದಿಂದ ಬಲ್ಲವರು ಲೆವೆರೆಂಟ್ಸ್ ಎಂದೇ ಹೇಳಬೇಕಾಗುತ್ತದೆ. 1916ರ ಸ್ಪರ್ಧೆಯಲ್ಲಿ ಗೆದ್ದು ದಕ್ಷಿಣ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಅವರು ರೂಪಿಸಿದ ಇನ್ನೊಂದು ಸಮಾಧಿವನವೂ ಇದೇ ಮಾತಿಗೆ ಸಾಕ್ಷಿ.

ಹಾದಿ, ಚಾಪೆಲು, ಕಟ್ಟಿದವರು, ಮೂರರ ಮಾತೂ ಆಯಿತು. ಸಮಾಧಿಗಳ ಬಗ್ಗೆ ಇನ್ನೂ ಹೇಳಿಲ್ಲ. ಅವು ಕಾಡಿನೊಳಗೆ, ಪೈನ್ ಕಾಂಡಗಳ ನಡುವೆ, ಸಾಲುಸಾಲಾಗಿವೆ. ಕಲ್ಲುಗಳು ಚಿಕ್ಕವು, ಗಿಡ್ಡವು, ಒಂದನ್ನೊಂದು ಹೋಲುತ್ತವೆ. ಸಿರಿವಂತನ ಕಲ್ಲು ಬಡವನ ಕಲ್ಲನ್ನು ಮೀರಿ ನಿಲ್ಲಬಾರದೆಂದು ಅಳತೆಗೆ ಕಟ್ಟುಪಾಡಿದೆ. ಹಾಲಿವುಡ್ಡಿನಲ್ಲಿ ಜಗತ್ಪ್ರಸಿದ್ಧಳಾದ ನಟಿ ಗ್ರೇಟಾ ಗಾರ್ಬೊ 1990ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು, ಅವಳ ಚಿತಾಭಸ್ಮ 1999ರಲ್ಲಿ ಈ ವನಕ್ಕೆ ಬಂತು. ಅವಳ ಕಲ್ಲಿನ ಮೇಲೆಯೂ ಅವಳ ಸಹಿಯ ರೂಪದ ಹೆಸರಲ್ಲದೆ ಬೇರೆ ಬಿರುದಿಲ್ಲ. ಹೆಸರೂ ಬೇಡವೆನ್ನುವವರಿಗೆ ಸ್ಮರಣೆಯ ತೋಪೊಂದಿದೆ. ಅಲ್ಲಿ ಬೂದಿಯನ್ನು ಗುರುತಿಲ್ಲದೆ ಮಣ್ಣಿಗೆ ಸೇರಿಸುತ್ತಾರೆ, ಯಾರದು ಎಲ್ಲಿದೆ ಎಂದು ಮನೆಯವರಿಗೂ ಗೊತ್ತಿರುವುದಿಲ್ಲ, ಹೂವು ತಂದವರು ಎಲ್ಲರಿಗೂ ಸಾಮಾನ್ಯವಾದ ಒಂದೇ ಜಾಗದಲ್ಲಿ ಇಟ್ಟು ಹೋಗುತ್ತಾರೆ. ಸ್ವೀಡನ್ನಿನ ಬಹುತೇಕ ಊರುಗಳಲ್ಲಿ ಸಮಾಧಿಸ್ಥಳಗಳನ್ನು ಚರ್ಚ್ ನೋಡಿಕೊಳ್ಳುತ್ತದೆ; ಸ್ಟಾಕ್‌ಹೋಮಿನಲ್ಲಿ ಆ ಹೊಣೆ ನಗರಾಡಳಿತದ್ದು.

ನವೆಂಬರಿನ ಆರಂಭದಲ್ಲಿ ಬರುವ ಸರ್ವಸಂತರ ದಿನದಂದು ಸಾವಿರಾರು ಜನ ಇಲ್ಲಿಗೆ ಬಂದು ಸಮಾಧಿಗಳ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು ಕವಿಯುವ ಆ ದಿನಗಳಲ್ಲಿ, ಕಾಡಿನ ನೆಲದ ಉದ್ದಕ್ಕೂ ಮೊಣಕಾಲೆತ್ತರದಲ್ಲಿ ಸಣ್ಣ ಜ್ವಾಲೆಗಳು ಹರಡಿರುತ್ತವೆ. ಮೇಲೆ ಕಾಂಡಗಳು ಕತ್ತಲೆಯಲ್ಲಿ ಮುಳುಗಿರುತ್ತವೆ.

ಯುನೆಸ್ಕೊ 1994ರಲ್ಲಿ ಈ ವನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 20ನೆಯ ಶತಮಾನದ ಕೃತಿಗಳಿಗೆ ಆ ಪಟ್ಟಿಯಲ್ಲಿ ಆಗ ಬೆರಳೆಣಿಕೆಯ ಸ್ಥಾನವಿತ್ತು. ಪಟ್ಟಿಗೆ ಸೇರಿದ್ದರಿಂದ ಇದು ಪ್ರೇಕ್ಷಣೀಯ ಸ್ಥಳವಾಗಿ ಮಾತ್ರ ಉಳಿದಿಲ್ಲ. ವರ್ಷಕ್ಕೆ ಸುಮಾರು 2000 ಮಂದಿಯನ್ನು ಇಂದಿಗೂ ಇಲ್ಲಿ ಮಣ್ಣಿಗೆ ಸೇರಿಸಲಾಗುತ್ತದೆ. ಹಳೆಯ ದಹನಮಂದಿರದ ಕುಲುಮೆಗಳು ಕಾಲಕ್ಕೆ ಹೊಂದದೆ ಹೋದಾಗ, ಯೂಹಾನ್ ಸೆಲ್ಸಿಂಗ್ ಎಂಬ ವಾಸ್ತುಶಿಲ್ಪಿ ಕಾಡಿನೊಳಗೆ ಇಟ್ಟಿಗೆಯ ಹೊಸ ದಹನಮಂದಿರವನ್ನು ಕಟ್ಟಿದರು. ಹಳೆಯ ಚಾಪೆಲುಗಳಲ್ಲಿ ಸಂಸ್ಕಾರ ಮುಂದುವರಿದಿದೆ. ಆದ್ದರಿಂದ ಯಾವ ದಿನ ಹೋದರೂ ಎಲ್ಲಾದರೂ ಒಂದು ಮನೆಯವರು ತಮ್ಮವರನ್ನು ಕಳುಹಿಸಿಕೊಡುತ್ತಿರುತ್ತಾರೆ. ನೋಡಲು ಬಂದವರು ಅವರಿಂದ ದೂರ ನಿಲ್ಲಬೇಕು, ಅವರ ಚಿತ್ರ ತೆಗೆಯಬಾರದು.

ಸ್ಟಾಕ್‌ಹೋಮಿನಲ್ಲಿ ಇಂದು ಕನ್ನಡಿಗರ ಮನೆಗಳಿವೆ, ಕೆಲಸಕ್ಕೆಂದೋ ಓದಿಗೆಂದೋ ಹೋದ ಮಕ್ಕಳನ್ನು ನೋಡಲು ಇಲ್ಲಿಂದ ತಂದೆತಾಯಂದಿರು ಹೋಗುತ್ತಾರೆ. ಅಂಥವರಲ್ಲಿ ಒಂದು ವಿನಂತಿ. ಹಸಿರು ಮಾರ್ಗದ ಸುರಂಗ ರೈಲು ಈ ವನದ ಹೆಸರಿನದೇ ನಿಲ್ದಾಣದಲ್ಲಿ ನಿಲ್ಲುತ್ತದೆ, ಒಳಗೆ ಹೋಗಲು ಟಿಕೆಟಿಲ್ಲ. ಹೆಚ್ಚಿನ ಪ್ರವಾಸಿಗಳು ಶಿಲುಬೆಯವರೆಗೆ ಹೋಗಿ, ಒಂದು ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಕೇಳುಗರು ಹಾಗೆ ಮಾಡದೆ ಮೊದಲು ಬಲಗಡೆಯ ದಿಬ್ಬವನ್ನು ಹತ್ತಲಿ. ಎಲ್ಮ್ ಮರಗಳ ಕೆಳಗೆ ಹತ್ತು ನಿಮಿಷ ಕುಳಿತಿರಲಿ. ಆಮೇಲೆ ಬರ್ಚ್ ಮರಗಳಿಂದ ಆರಂಭಿಸಿ ಚಾಪೆಲಿನ ಬಾಗಿಲವರೆಗೆ ನಡೆದೇ ಹೋಗಲಿ. ಒಂದು ಗಂಟೆ ಸಾಕು.